4ನೇ ಕ್ರಾಸ್ ಸಿಸಿ ರೋಡ್ ಬಿರುಕು: 5ನೇ ಕ್ರಾಸ್‌ಗೆ ಹಾಕೋ ಮುಂಚೆ ಮಾತಾಡೋಣ

ಮನೆ 27: ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಗುಡಿಸುವಾಗ ಪೊರಕೆ ಕಡ್ಡಿ ನಮ್ಮ ಗೇಟ್ ಮುಂದಿನ ಬಿರುಕಿನಲ್ಲಿ ಸಿಕ್ಕಿ ಮುರೀತು. ಡ್ರೈನೇಜ್ ಚೇಂಬರ್ ಮೂಲೆಯಿಂದ ಹೊರಟು ರಸ್ತೆಯ ಆ ಕಡೆವರೆಗೂ ಹೋಗಿದೆ. ರೋಡ್ ಹಾಕಿ ಎರಡು ತಿಂಗಳೂ ಆಗಿಲ್ಲ. ಸಿಮೆಂಟ್ ಕಮ್ಮಿ ಹಾಕಿದ್ದಾರೆ ಅಂತ ದೂರು ಕೊಡೋಣ, ಎಲ್ಲರೂ ಸಹಿ ಮಾಡಿ.

ಮನೆ 9: ದೂರು ಕೊಡೋಣಮ್ಮ, ಆದರೆ ಸಿಮೆಂಟ್ ಅಂತ ಬರೆಯೋದು ಬೇಡ. ಅದನ್ನ ನಾವು ಕಣ್ಣಳತೆಯಲ್ಲಿ ಹೇಳೋಕಾಗಲ್ಲ. ನಿನ್ನೆ ಟೇಪ್ ಹಿಡ್ಕೊಂಡು ಉದ್ದಕ್ಕೂ ನಡೆದೆ. 60 ಮೀಟರಿಗೆ ಒಂದೂ ಜಾಯಿಂಟ್ (ಬೇಕಂತಲೇ ಬಿಡೋ ಗೀರು ಅಥವಾ ಸಂದು) ಇಲ್ಲ! ಬಿರುಕು ಮಾತ್ರ ಐದಾರು ಮೀಟರಿಗೊಂದು ಬಿದ್ದಿದೆ. ಕಾಂಕ್ರೀಟು ಒಣಗುತ್ತಾ ಕುಗ್ಗುತ್ತೆ, ಕೆಳಗಿನ ನೆಲ ಬಿಡಲ್ಲ, ಎಳೆತ ತಡೆಯೋ ಶಕ್ತಿ ಅದಕ್ಕೆ ಕಮ್ಮಿ, ಸೀಳುತ್ತೆ. 150 ಮಿ.ಮೀ. ದಪ್ಪಕ್ಕೆ ಸುಮಾರು 4 ಮೀಟರಿಗೊಂದು ಕಡೆ ಕಟಿಂಗ್ ಹಾಕಬೇಕು, ಅಂದ್ರೆ ಮಷಿನ್‌ನಲ್ಲಿ ಅಡ್ಡ ಗೀರು ಕೊಯ್ಯಬೇಕು. ಆಗ ಬಿರುಕು ಬಿಟ್ಟರೂ ಆ ಗೀರಿನಲ್ಲೇ ಬಿಡುತ್ತೆ. ಆಳ ದಪ್ಪದ ಕಾಲು ಭಾಗದಿಂದ ಮೂರನೇ ಒಂದು ಭಾಗ. ಅದೂ ಕಾಂಕ್ರೀಟ್ ಹಾಕಿದ ದಿನ ರಾತ್ರಿ ಇಲ್ಲವೇ ಮಾರನೇ ಬೆಳಿಗ್ಗೆ. ತಡ ಮಾಡಿದರೆ ಅಷ್ಟರಲ್ಲೇ ಬಿರುಕು ಬಿಟ್ಟಿರುತ್ತೆ.

ಮನೆ 31: ಅಂಕಲ್, ಎಕ್ಸ್‌ಪಾನ್ಷನ್ ಜಾಯಿಂಟ್ ಅಂದ್ರೆ ಇದೇನಾ?

ಮನೆ 9: ಅಲ್ಲಪ್ಪ, ಎಲ್ಲರೂ ಇದನ್ನೇ ಅದು ಅಂದ್ಕೋತಾರೆ. ಇದು ಕುಗ್ಗೋದಕ್ಕೆ, ಅದು ಬಿಸಿಲಿಗೆ ಹಿಗ್ಗೋದಕ್ಕೆ. 30 ಡಿಗ್ರಿ ಬಿಸಿ ಏರಿದ್ರೆ 30 ಮೀಟರ್ ಕಾಂಕ್ರೀಟು ಸುಮಾರು 9 ಮಿ.ಮೀ. ಉದ್ದ ಆಗುತ್ತೆ. ಜಾಗ ಇಲ್ಲದಿದ್ರೆ ಚೇಂಬರನ್ನೋ ಕಾಂಪೌಂಡನ್ನೋ ಒತ್ತುತ್ತೆ. ಅಂಥ ಕಡೆ ಪೂರ್ತಿ ದಪ್ಪಕ್ಕೂ 20 ಮಿ.ಮೀ. ಸಂದು ಬಿಟ್ಟು, ಡಾಂಬರು ಹೀರಿಸಿದ ಮೆತ್ತನೆ ಬೋರ್ಡ್ ಇಟ್ಟು, ಮೇಲೆ ಸೀಲೆಂಟ್ (ನೀರು ಇಳಿಯದಂತೆ ಸಂದು ಮುಚ್ಚೋ ಮೆತ್ತನೆ ಅಂಟು) ತುಂಬಬೇಕು. 27ನೇ ಮನೆ ಮುಂದೆ ಚೇಂಬರಿಗೆ ಕಾಂಕ್ರೀಟ್ ನೇರವಾಗಿ ಅಂಟಿಸಿದ್ದಾರೆ. ಬಿರುಕು ಮೂಲೆಯಿಂದಲೇ ಶುರುವಾಗಿರೋದು ಅದಕ್ಕೇ.

ಮನೆ 14: ಸಂದು ಬಿಟ್ರೆ ಮಳೆನೀರು ಇಳಿಯಲ್ವಾ ಸಾರ್?

ಮನೆ 9: ಸೀಲೆಂಟ್ ಇಲ್ಲದಿದ್ರೆ ಇಳಿಯುತ್ತೆ. ಜಲ್ಲಿ ಚೂರು ಸಿಕ್ಕಿಕೊಂಡ್ರೆ ಹಿಗ್ಗೋಕೂ ಜಾಗ ಇರಲ್ಲ. ಹಾಗಾಗಿ ಅದನ್ನೂ ಬರೆಸಬೇಕು. ಈಗಿನ ಬಿರುಕುಗಳನ್ನೂ ಮಳೆಗೆ ಮುಂಚೆ ಶುಚಿ ಮಾಡಿ ತುಂಬಿಸಲೇಬೇಕು, ಬರೀ ಸಿಮೆಂಟ್ ಹಾಲು ಬಳಿದು ಹೋಗೋಕೆ ಬಿಡಬೇಡಿ.

ಮನೆ 31: 5ನೇ ಕ್ರಾಸ್‌ಗೆ ಶುಕ್ರವಾರ ಕಾಂಕ್ರೀಟ್ ಬರುತ್ತಂತೆ. ಬುಧವಾರ ಸಂಜೆ 6ಕ್ಕೆ ಪಾರ್ಕ್ ಹತ್ರ ಸೇರೋಣ. ಅಂಕಲ್ ಪತ್ರ ಬರೀಲಿ, ನಾನು ಟೈಪ್ ಮಾಡಿಸ್ತೀನಿ. ಕಟಿಂಗ್ ಮಷಿನ್ ಕಣ್ಣಿಗೆ ಕಾಣೋವರೆಗೂ ಲಾರಿ ಸುರಿಯೋದು ಬೇಡ ಅಂತ ಕಂಟ್ರಾಕ್ಟರಿಗೆ ಈಗಲೇ ಹೇಳ್ತೀನಿ.

ಮನೆ 14: ಶುಕ್ರವಾರ ರಾತ್ರಿ ಕಟಿಂಗ್ ಆಗೋವರೆಗೂ ನಾನು ನಿಂತಿರ್ತೀನಿ.

ಮನೆ 27: ಸಹಿ ಕಾಗದ ನನ್ನ ಹತ್ರ ಇರುತ್ತೆ. ಕ್ಯೂರಿಂಗ್‌ಗೆ, ಅಂದ್ರೆ ಹೊಸ ಕಾಂಕ್ರೀಟನ್ನ ಒದ್ದೆಯಾಗಿ ಇಡೋಕೆ, ನಮ್ಮನೇಲಿ ಹನ್ನೆರಡು ಗೋಣಿಚೀಲ ಇವೆ, ನೆನೆಸಿ ಇಡ್ತೀನಿ. ಇನ್ಯಾರ ಮನೇಲಿ ಇದೆ ಹೇಳಿ.