ಬಾಡಿಗೆ ಜೆಟ್ ಕಂಪನಿಗೆ ಮುಂಗಡ ಕೊಡುವ ಮುನ್ನ: ಲೆಕ್ಕ ಪರಿಶೋಧಕರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ:

ನಮಸ್ಕಾರ ಸರ್. ನಾನು ಮಧ್ಯಮ ಗಾತ್ರದ ಉತ್ಪಾದನಾ ಸಂಸ್ಥೆಯೊಂದರ ಹಣಕಾಸು ವಿಭಾಗದಲ್ಲಿದ್ದೇನೆ. ನಮ್ಮ ನಿರ್ದೇಶಕರು ಕೆಲಸದ ಮೇಲೆ ಆಗಾಗ ಬಾಡಿಗೆ ಜೆಟ್‌ನಲ್ಲಿ ಓಡಾಡುತ್ತಾರೆ. ಈಗ ಒಂದು ಚಾರ್ಟರ್ ಕಂಪನಿಯವರು 50 ಗಂಟೆಗಳ ಹಾರಾಟವನ್ನು ಒಟ್ಟಿಗೆ ಕೊಂಡರೆ ಗಂಟೆಯ ದರ ಎರಡು ವರ್ಷ ಏರುವುದಿಲ್ಲವೆಂದೂ, 24 ಗಂಟೆ ಮೊದಲು ತಿಳಿಸಿದರೆ ವಿಮಾನ ಖಚಿತವೆಂದೂ ಹೇಳಿ, ಪೂರ್ತಿ ಹಣವನ್ನು ಮುಂಗಡವಾಗಿ ಕೇಳುತ್ತಿದ್ದಾರೆ. ಅದೇ ಕಂಪನಿಯ ಷೇರು ಕೊಳ್ಳುವ ಆಹ್ವಾನವೂ ಬಂದಿದೆ. ಅವರ ವಾರ್ಷಿಕ ವರದಿಯಂತೆ ಎರಡು ವರ್ಷದಲ್ಲಿ ಆದಾಯ ದುಪ್ಪಟ್ಟಾಗಿದೆ, ಬ್ಯಾಂಕಿನಲ್ಲಿ ಧಾರಾಳ ಹಣವಿದೆ, ಆದರೆ ನಷ್ಟ ಇಳಿದಿಲ್ಲ. ಈ ವ್ಯಾಪಾರವೇ ಲೆಕ್ಕಕ್ಕೆ ನಿಲ್ಲುವಂಥದ್ದೇ, ಇಲ್ಲವೇ ಎಂಬುದನ್ನು ತಿಳಿಸಬೇಕಾಗಿ ವಿನಂತಿ.

ಉತ್ತರ:

ನಮಸ್ಕಾರ. ನೀವು ಕೊನೆಯಲ್ಲಿ ಬರೆದ ಧಾರಾಳ ನಗದಿಗೂ ಇಳಿಯದ ನಷ್ಟಕ್ಕೂ ಸಂಬಂಧವಿದೆ, ಆದರೆ ಅದಕ್ಕೆ ಬರುವ ಮೊದಲು ಒಂದು ವಿಮಾನದ ಲೆಕ್ಕವನ್ನು ನೋಡೋಣ.

ವಿಮಾನ ಹಾರಲಿ ಬಿಡಲಿ, ಅದರ ಗುತ್ತಿಗೆ ಹಣ ಅಥವಾ ಸಾಲದ ಕಂತು, ವಿಮೆ, ಹ್ಯಾಂಗರ್ ಬಾಡಿಗೆ, ಪೈಲಟ್‌ಗಳ ಸಂಬಳ ಮತ್ತು ತರಬೇತಿಯ ಖರ್ಚು ಬರುತ್ತಲೇ ಇರುತ್ತದೆ. ಇವೆಲ್ಲ ಸೇರಿ ವರ್ಷಕ್ಕೆ 1200 ಎಂದಿಟ್ಟುಕೊಳ್ಳಿ. ಯಾವ ನಾಣ್ಯವಾದರೂ ಆಗಬಹುದು, ನಮಗೆ ಬೇಕಾದದ್ದು ಪ್ರಮಾಣ ಮಾತ್ರ. ಇಂಧನ, ಎಂಜಿನ್ ನಿರ್ವಹಣೆ, ಇಳಿದಾಣದ ಶುಲ್ಕಗಳಿಗೆ ಹಾರಿದ ಪ್ರತಿ ಗಂಟೆಗೆ 2 ಇರಲಿ. ವರ್ಷಕ್ಕೆ 600 ಗಂಟೆ ಹಾರಿದರೆ ಒಟ್ಟು ಖರ್ಚು 2400. ಇನ್ನು ಆದಾಯ. ಪ್ರಯಾಣಿಕರನ್ನು ಇಳಿಸಿದ ವಿಮಾನ ಮರಳಿ ಬರುವಾಗ, ಅಥವಾ ಮುಂದಿನವರನ್ನು ಹತ್ತಿಸಿಕೊಳ್ಳಲು ಬೇರೆ ಊರಿಗೆ ಹೋಗುವಾಗ, ಬಹುಪಾಲು ಖಾಲಿ ಹಾರುತ್ತದೆ. ನೂರರಲ್ಲಿ 35 ಗಂಟೆ ಹೀಗೆ ಹೋದರೆ ಮಾರಲು ಉಳಿಯುವುದು 390 ಗಂಟೆ. ಗಂಟೆಗೆ 6ರಂತೆ ಮಾರಿದರೆ ಕೈಗೆ ಬರುವುದು 2340, ಎಂದರೆ 60 ನಷ್ಟ. ಖಾಲಿ ಹಾರಾಟವನ್ನು ನೂರಕ್ಕೆ 25ಕ್ಕೆ ಇಳಿಸಿದರೆ ಅದೇ ದರದಲ್ಲಿ 450 ಗಂಟೆ ಮಾರಿ 300 ಲಾಭ ಕಾಣಬಹುದು. ಬೇಡಿಕೆ ಕುಗ್ಗಿ ವಿಮಾನ ಒಟ್ಟು 400 ಗಂಟೆಯಷ್ಟೇ ಹಾರಿ, ಅದರಲ್ಲೂ ನೂರಕ್ಕೆ 35 ಖಾಲಿಯಾದರೆ, ಖರ್ಚು 2000, ಆದಾಯ 1560, ನಷ್ಟ 440. ದರ ಒಂದಿಷ್ಟೂ ಬದಲಾಗದೆ ಫಲಿತಾಂಶ ಇಷ್ಟು ಓಲಾಡುತ್ತದೆ. ಸಾಲ ಮಾಡಿ ವಿಮಾನ ಕೊಂಡವರಿಗೆ ಈ ಓಲಾಟವೇ ಕುತ್ತು.

ಹೀಗಾಗಿ ನಾನು ಮೊದಲು ನೋಡುವುದು, ಸುಮ್ಮನೆ ನಿಂತ ವಿಮಾನದ ಖರ್ಚನ್ನು ಯಾರು ಹೊರುತ್ತಾರೆ ಎಂಬುದನ್ನು. ದಲ್ಲಾಳಿ ಕಂಪನಿ ಬೇರೆಯವರ ವಿಮಾನವನ್ನು ಗೊತ್ತುಮಾಡಿಕೊಟ್ಟು ಕಮಿಷನ್ ಪಡೆಯುತ್ತದೆ. ಅದರ ಲಾಭ ತೆಳು, ಅಪಾಯವೂ ಕಡಿಮೆ. ಶ್ರೀಮಂತರ ಸ್ವಂತ ವಿಮಾನಗಳನ್ನು ನೋಡಿಕೊಂಡು, ಬಿಡುವಿದ್ದಾಗ ಬಾಡಿಗೆಗೆ ಬಿಡುವ ನಿರ್ವಹಣಾ ಕಂಪನಿಯಲ್ಲಿ ಸ್ಥಿರ ವೆಚ್ಚ ಮಾಲೀಕರ ತಲೆಯ ಮೇಲಿರುತ್ತದೆ. ವಿಮಾನದ ಹದಿನಾರನೇ ಒಂದು ಪಾಲು, ಎಂಟನೇ ಒಂದು ಪಾಲು ಎಂದು ಮಾರುವ ಪದ್ಧತಿಯಲ್ಲಿ ಬಂಡವಾಳ ಗ್ರಾಹಕರದು, ತಿಂಗಳ ನಿರ್ವಹಣಾ ಶುಲ್ಕವನ್ನೂ ಅವರೇ ಕೊಡುತ್ತಾರೆ. ನಿಮ್ಮ ಮುಂದಿರುವುದು ಇವೆಲ್ಲಕ್ಕಿಂತ ಕಠಿಣವಾದ ಮಾದರಿ: ವಿಮಾನ ಕಂಪನಿಯದು, ದರ ಸ್ಥಿರ, ಲಭ್ಯತೆ ಖಚಿತ. ಬೇಡಿಕೆ ಇಳಿದರೂ ಏರಿದರೂ ಪೆಟ್ಟು ಕಂಪನಿಗೇ.

ಬೇಡಿಕೆ ಏರಿದರೆ ಪೆಟ್ಟು ಹೇಗೆಂದು ನೀವು ಕೇಳಬಹುದು. ಹಿಂದೊಮ್ಮೆ ಇಂಥ ಒಂದು ಕಂಪನಿಯ ಲೆಕ್ಕ ಪರಿಶೀಲಿಸುವಾಗ ಒಂದೇ ದಿನದ ಹಾರಾಟದ ದಾಖಲೆಯನ್ನು ಬಿಡಿಸಿ ಕುಳಿತಿದ್ದೆ. ಬೆಳಿಗ್ಗೆ ಹೊರಡಬೇಕಿದ್ದ ವಿಮಾನ ಪ್ರಯಾಣಿಕರು ತಡಮಾಡಿದ್ದರಿಂದ ನಿಲ್ದಾಣದಲ್ಲೇ ಮೂರು ಗಂಟೆ ಕಾದಿತ್ತು. ಸಂಜೆಯ ಹೊತ್ತಿಗೆ ಪೈಲಟ್‌ಗಳ ಕರ್ತವ್ಯದ ಅವಧಿ ಮುಗಿಯುತ್ತ ಬಂದಿತ್ತು, ಬದಲಿ ಜೋಡಿ ಇನ್ನೊಂದು ಊರಿನಲ್ಲಿತ್ತು. ಪೈಲಟ್‌ಗಳ ಹಾರಾಟಕ್ಕೂ ವಿಶ್ರಾಂತಿಗೂ ಎಲ್ಲ ದೇಶಗಳಲ್ಲೂ ಮಿತಿಯಿದೆ. ಅಮೆರಿಕದ ಚಾರ್ಟರ್ ನಿಯಮದಲ್ಲಿ ಇಬ್ಬರು ಪೈಲಟ್‌ಗಳ ತಂಡ ಸಾಮಾನ್ಯವಾಗಿ 24 ಗಂಟೆಗಳಲ್ಲಿ 10 ಗಂಟೆಗಿಂತ ಹೆಚ್ಚು ಹಾರುವಂತಿಲ್ಲ, ಇದರಲ್ಲಿ ಚೌಕಾಸಿಗೆ ಎಡೆಯಿಲ್ಲ. ಅತ್ತ ರಾತ್ರಿಯ ಪ್ರಯಾಣಿಕರು ಖಚಿತ ಲಭ್ಯತೆಯ ಗ್ರಾಹಕರು. ಕಂಪನಿ ಬೇರೆಯವರ ವಿಮಾನವನ್ನು, ಆ ಹೊತ್ತಿಗೆ ಅವರು ಹೇಳಿದ ದರಕ್ಕೆ, ತರಿಸಿತು. ಗ್ರಾಹಕರಿಂದ ಬರಬೇಕಾದದ್ದು 100 ಆಗಿದ್ದರೆ ಆ ಹಾರಾಟಕ್ಕೆ ಕಂಪನಿ ತೆತ್ತದ್ದು 160ರಷ್ಟು. ವರದಿಯಲ್ಲಿ ಮಾತ್ರ ಅದು ಆದಾಯದ ಬೆಳವಣಿಗೆಯಾಗಿಯೇ ಸೇರಿಕೊಂಡಿತು.

ಇನ್ನು ನಗದಿನ ವಿಷಯ. ನೀವು ಇಂದು ಕೊಡುವ 50 ಗಂಟೆಯ ಹಣ ಕಂಪನಿಯ ಗಳಿಕೆಯಾಗುವುದಿಲ್ಲ. ಹಾರಿಸುವವರೆಗೆ ಅದು ನಿಮಗೆ ಸಲ್ಲಬೇಕಾದ ಋಣ, ಬ್ಯಾಲೆನ್ಸ್ ಶೀಟಿನಲ್ಲಿ ಹೊಣೆಯ ಕಡೆ ಕೂರುತ್ತದೆ. ಆದರೆ ಹಣವಂತೂ ಬ್ಯಾಂಕಿಗೆ ಬಂದಿರುತ್ತದೆ. ಈ ವರ್ಷದ ಮುಂಗಡದಿಂದ ಹೋದ ವರ್ಷದ ಗ್ರಾಹಕರನ್ನು ಹಾರಿಸುತ್ತ ಹೋದರೆ, ಹೊಸ ಗ್ರಾಹಕರು ಬರುತ್ತಿರುವಷ್ಟು ಕಾಲ ಪ್ರತಿ ಗಂಟೆಯ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಇದನ್ನು ಮೋಸವೆಂದು ನಾನು ಹೇಳುತ್ತಿಲ್ಲ. ನಡೆಸುವವರೇ ಇದನ್ನು ಲಾಭವೆಂದು ನಂಬಿಬಿಟ್ಟಿದ್ದನ್ನು ಕಂಡಿದ್ದೇನೆ.

ಗುಂಪಿನ ಸದಸ್ಯರೊಬ್ಬರ ಪ್ರಶ್ನೆ:

ಸರ್, ವಾರೆನ್ ಬಫೆಟ್ ಅವರ ಬರ್ಕ್‌ಶೈರ್ ಹ್ಯಾಥವೇ ವಿಮಾನದ ಪಾಲುಗಳನ್ನು ಮಾರುವ ನೆಟ್‌ಜೆಟ್ಸ್ ಕಂಪನಿಯನ್ನು ಇಷ್ಟು ವರ್ಷ ಇಟ್ಟುಕೊಂಡಿದೆಯಲ್ಲ. ಅಷ್ಟು ಲೆಕ್ಕಾಚಾರದವರೇ ಇಟ್ಟುಕೊಂಡ ಮೇಲೆ ಮಾದರಿ ಗಟ್ಟಿಯೆಂದು ತಿಳಿಯಬಾರದೇ?

ಉತ್ತರ:

ಆ ಉದಾಹರಣೆ ಎರಡೂ ಕಡೆ ಸಾಕ್ಷಿ ಹೇಳುತ್ತದೆ. ಬರ್ಕ್‌ಶೈರ್ 1998ರಲ್ಲಿ 72.5 ಕೋಟಿ ಡಾಲರ್‌ಗೆ ನೆಟ್‌ಜೆಟ್ಸ್ ಅನ್ನು ಕೊಂಡಿತು. ಹನ್ನೊಂದು ವರ್ಷಗಳ ಲೆಕ್ಕ ಕೂಡಿಸಿದಾಗ ತೆರಿಗೆಗೆ ಮುಂಚಿನ ಒಟ್ಟು ನಷ್ಟ 15.7 ಕೋಟಿ ಡಾಲರ್ ಆಗಿತ್ತೆಂದೂ, ಸಾಲ 10.2 ಕೋಟಿಯಿಂದ 2009ರ ಏಪ್ರಿಲ್ ಹೊತ್ತಿಗೆ 190 ಕೋಟಿಗೆ ಏರಿತ್ತೆಂದೂ, ಬರ್ಕ್‌ಶೈರ್‌ನ ಖಾತರಿ ಇಲ್ಲದಿದ್ದರೆ ಕಂಪನಿ ಮುಚ್ಚಿಹೋಗುತ್ತಿತ್ತೆಂದೂ ಬಫೆಟ್ ಅವರೇ ಷೇರುದಾರರಿಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡಿದ್ದಾರೆ. 2009ರಲ್ಲಿ ಆಡಳಿತ ಬದಲಾಗಿ, ಖರ್ಚು ಮತ್ತು ಸಾಲಗಳಿಗೆ ಕತ್ತರಿ ಬಿದ್ದು, 2010ರಲ್ಲಿ ತೆರಿಗೆಗೆ ಮುಂಚೆ 20.7 ಕೋಟಿ ಡಾಲರ್ ಲಾಭ ಬಂತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 2021ರ ಆಗಸ್ಟಿನ ನಡೆ. ಸಾಂಕ್ರಾಮಿಕದ ನಂತರ ಬೇಡಿಕೆ ಉಕ್ಕಿ ಬಂದಾಗ ನೆಟ್‌ಜೆಟ್ಸ್ ಹೊಸ ಜೆಟ್ ಕಾರ್ಡ್‌ಗಳ, ಅಂದರೆ ಮುಂಗಡ ಕೊಟ್ಟು ಕೊಳ್ಳುವ ಹಾರಾಟದ ಗಂಟೆಗಳ, ಮಾರಾಟವನ್ನೇ ತಡೆಹಿಡಿಯಿತು. ಕೊಟ್ಟ ಮಾತು ಉಳಿಸಿಕೊಳ್ಳಲಾಗದಷ್ಟು ಮಾರಬಾರದೆಂದು ಬಾಗಿಲಿಗೆ ಬಂದ ಹಣವನ್ನು ಬೇಡವೆನ್ನಲು ಮುಂಗಡದ ಮೇಲೆ ಬದುಕುವ ಕಂಪನಿಗೆ ಸಾಧ್ಯವೇ ಇಲ್ಲ.

ಅದೇ ವರ್ಷದ ಜುಲೈನಲ್ಲಿ ವೀಲ್ಸ್ ಅಪ್ ಎಂಬ ಅಮೆರಿಕದ ಕಂಪನಿ ಷೇರುಪೇಟೆಗೆ ಬಂತು. ಹಲವು ಕಂಪನಿಗಳನ್ನು ಕೊಂಡು, ಸದಸ್ಯತ್ವಗಳನ್ನು ಮಾರಿ, ವೇಗವಾಗಿ ಬೆಳೆದಿತ್ತು. 2022ರಲ್ಲಿ ಅದರ ಆದಾಯ ಸುಮಾರು 158 ಕೋಟಿ ಡಾಲರ್, ನಿವ್ವಳ ನಷ್ಟ ಸುಮಾರು 55.5 ಕೋಟಿ. ಗ್ರಾಹಕರಿಗೆ ಸಲ್ಲಿಸಬೇಕಾಗಿದ್ದ ಮುಂಗಡದ ಬಾಕಿ ಆ ವರ್ಷದ ಕೊನೆಗೆ 100 ಕೋಟಿ ದಾಟಿತ್ತು. 2023ರ ಆಗಸ್ಟಿನಲ್ಲಿ ಡೆಲ್ಟಾ ಏರ್‌ಲೈನ್ಸ್ ಮತ್ತು ಕೆಲವು ಹೂಡಿಕೆ ಸಂಸ್ಥೆಗಳು ಸುಮಾರು 50 ಕೋಟಿ ಡಾಲರ್‌ವರೆಗಿನ ಸಾಲದ ಆಸರೆ ಕೊಡಲು ಮುಂದಾದವು. ಪ್ರತಿಯಾಗಿ ಕಂಪನಿಯ ಸುಮಾರು ಶೇ 95ರಷ್ಟು ಪಾಲು ಅವುಗಳದಾಯಿತು. ಮುಂಗಡ ಕೊಟ್ಟ ಗ್ರಾಹಕರು ಹಾರಿದರು, ಹಳೆಯ ಷೇರುದಾರರ ಕೈಯಲ್ಲಿ ಉಳಿದದ್ದು ನೂರಕ್ಕೆ ಐದರಷ್ಟು. ನಿಮಗೆ ಬಂದಿರುವ ಎರಡು ಆಹ್ವಾನಗಳನ್ನು ಬೇರೆಬೇರೆಯಾಗಿ ತೂಗಬೇಕೆಂದು ನಾನು ಹೇಳುವುದು ಇದಕ್ಕಾಗಿ.

ಇನ್ನೊಬ್ಬ ಸದಸ್ಯೆಯ ಪ್ರಶ್ನೆ:

ಖಾಲಿ ಹಾರಾಟದ ಸೀಟುಗಳನ್ನು ಆ್ಯಪ್ ಮೂಲಕ ಅಗ್ಗವಾಗಿ ಮಾರಿಬಿಟ್ಟರೆ ಈ ನಷ್ಟ ತುಂಬಿಕೊಳ್ಳುವುದಿಲ್ಲವೇ ಸರ್? ಎಲ್ಲ ಕಂಪನಿಗಳೂ ತಂತ್ರಜ್ಞಾನದ ಮಾತನ್ನೇ ಆಡುತ್ತವೆ.

ಉತ್ತರ:

ಸ್ವಲ್ಪ ಮಟ್ಟಿಗೆ ತುಂಬಿಕೊಳ್ಳುತ್ತದೆ ಮೇಡಂ, ಬಂದಷ್ಟು ಲಾಭವೇ. ಆದರೆ ಖಾಲಿ ವಿಮಾನ ಯಾವಾಗ, ಎಲ್ಲಿಂದ ಎಲ್ಲಿಗೆ ಹೋಗುತ್ತದೆಂಬುದನ್ನು ತೀರ್ಮಾನಿಸುವವರು ಪೂರ್ಣ ಬಾಡಿಗೆ ಕೊಟ್ಟ ಗ್ರಾಹಕರು. ಅವರು ಎರಡು ಗಂಟೆ ತಡಮಾಡಿದರೆ ಅಥವಾ ಪ್ರಯಾಣವನ್ನೇ ರದ್ದುಮಾಡಿದರೆ ಅಗ್ಗದ ಸೀಟೂ ಇಲ್ಲವಾಗುತ್ತದೆ. ಜೆಟ್ ಬೇಕೆನ್ನುವವರು ಕೊಳ್ಳುವುದೇ ತಮ್ಮ ವೇಳೆಗೆ ಹೊರಡುವ ಅನುಕೂಲವನ್ನು. ಅದಿಲ್ಲದ ಸರಕಿಗೆ ಒಳ್ಳೆಯ ಬೆಲೆ ಹುಟ್ಟುವುದಿಲ್ಲ. ಸೀಟಿನ ಲೆಕ್ಕದಲ್ಲೇ ಮಾರುವ ಪ್ರಯತ್ನವೂ ನಡೆದಿದೆ. ಫ್ಲೋರಿಡಾದ ಡೇಜೆಟ್ ಕಂಪನಿ 2007ರಲ್ಲಿ ಎಕ್ಲಿಪ್ಸ್ 500 ಎಂಬ ಪುಟ್ಟ ಜೆಟ್‌ಗಳನ್ನು ಹಿಡಿದು, ಬೇಡಿಕೆಗಳನ್ನು ಗಣಕದಲ್ಲಿ ಜೋಡಿಸಿ ಹಾರಿಸಲು ಹೊರಟಿತು. ಬಂಡವಾಳ ಸಿಗದೆ 2008ರ ಸೆಪ್ಟೆಂಬರ್‌ನಲ್ಲಿ ಹಾರಾಟ ನಿಲ್ಲಿಸಿತು. ಒಳ್ಳೆಯ ತಂತ್ರಾಂಶ ಖಾಲಿ ಹಾರಾಟವನ್ನು ನೂರಕ್ಕೆ 35ರಿಂದ 30ರ ಆಸುಪಾಸಿಗೆ ಇಳಿಸಿದರೂ ಮೇಲಿನ ಲೆಕ್ಕದಲ್ಲಿ ನಷ್ಟ ಲಾಭವಾಗಿ ತಿರುಗುತ್ತದೆ, ನಿಜ. ಆ ಇಳಿಕೆಯನ್ನು ಅಂಕಿಯಲ್ಲಿ ತೋರಿಸಿ ಎಂದು ಕಂಪನಿಯನ್ನು ಕೇಳಿ. ಆ್ಯಪ್ ಎಷ್ಟು ಜನ ಇಳಿಸಿಕೊಂಡಿದ್ದಾರೆಂಬ ಉತ್ತರ ಬಂದರೆ ಅದು ನಿಮ್ಮ ಪ್ರಶ್ನೆಗೆ ಉತ್ತರವಲ್ಲ.

ಮೊದಲ ಪ್ರಶ್ನೆ ಕೇಳಿದವರು:

ಬಹಳ ಉಪಕಾರವಾಯಿತು ಸರ್. ಹಾಗಾದರೆ ಅವರಿಂದ ಯಾವ ವಿವರ ತರಿಸಿಕೊಳ್ಳಲಿ? ನಿರ್ದೇಶಕರಿಗೆ ಸೋಮವಾರ ಉತ್ತರಿಸಬೇಕಾಗಿದೆ.

ಉತ್ತರ:

ಷೇರಿನ ವಿಷಯ ಸೋಮವಾರಕ್ಕೆ ಬೇಡ. ಮುಂಗಡಕ್ಕೆ ಸಂಬಂಧಿಸಿ, ಗ್ರಾಹಕರ ಹಣವನ್ನು ಪ್ರತ್ಯೇಕ ಖಾತೆಯಲ್ಲಿ, ಹಾರಿದ ಮೇಲಷ್ಟೇ ತೆಗೆಯುವಂತೆ ಇಡುತ್ತಾರೆಯೇ ಎಂದು ಲಿಖಿತವಾಗಿ ಕೇಳಿ. ಬಹಳಷ್ಟು ಕಡೆ ಇಡುವುದಿಲ್ಲ. ಇಡದ ಪಕ್ಷದಲ್ಲಿ ಕಂಪನಿ ದಿವಾಳಿಯಾದರೆ ನೀವು ಸಾಮಾನ್ಯವಾಗಿ ಅಡಮಾನ ಪಡೆದು ಸಾಲ ಕೊಟ್ಟವರ ಹಿಂದೆ, ಕಂಪನಿಗೆ ಯಾವ ಆಧಾರವೂ ಇಲ್ಲದೆ ಸಾಲ ಕೊಟ್ಟವರ ಸಾಲಿನಲ್ಲಿ ನಿಲ್ಲುತ್ತೀರಿ. ಒಪ್ಪಂದದಲ್ಲಿ ಸ್ಥಿರ ದರದ ಕೆಳಗೆ ಇಂಧನದ ಹೆಚ್ಚುವರಿ ಶುಲ್ಕ, ದಟ್ಟಣೆಯ ದಿನಗಳ (ಬೇಡಿಕೆ ಹೆಚ್ಚಿದ್ದು, ಖಚಿತ ಲಭ್ಯತೆಯ ಮಾತು ಪೂರ್ತಿ ಅನ್ವಯಿಸದ ದಿನಗಳ) ಪಟ್ಟಿ, ಬಳಸದ ಗಂಟೆಯ ಹಣ ಮರಳಿಸುವ ಷರತ್ತು ಹೇಗಿವೆ ನೋಡಿ. ದಟ್ಟಣೆಯ ದಿನಗಳ ಪಟ್ಟಿ ಉದ್ದವಾಗಿದ್ದರೆ ಗ್ರಾಹಕರಾಗಿ ನಿಮಗೆ ಬೇಸರವಾಗಬಹುದು, ಪರಿಶೋಧಕನಾದ ನನಗೆ ಸಮಾಧಾನ: ತಾವು ಎಷ್ಟು ಮಾತು ಕೊಡಬಲ್ಲೆವೆಂದು ಆ ಕಂಪನಿ ಲೆಕ್ಕ ಹಾಕಿದೆ.

ಲೆಕ್ಕಪತ್ರದಲ್ಲಿ ಹಾರದೆ ಉಳಿದ ಗಂಟೆಗಳ ಹೊಣೆಯನ್ನೂ ಬ್ಯಾಂಕಿನಲ್ಲಿರುವ ನಗದನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಗದು ಹೊಣೆಗಿಂತ ಬಹಳ ಕಡಿಮೆಯಿದ್ದರೆ ಉಳಿದದ್ದು ಎಲ್ಲಿ ಹೋಯಿತೆಂದು ಕೇಳುವ ಹಕ್ಕು ನಿಮಗಿದೆ. ಹೊರಗಿನ ವಿಮಾನಗಳಿಗೆ ಕೊಟ್ಟ ಹಣ ಒಟ್ಟು ಆದಾಯಕ್ಕಿಂತ ವೇಗವಾಗಿ ಬೆಳೆದಿದೆಯೇ ಎಂಬುದನ್ನೂ ಗಮನಿಸಿ.

ಉತ್ತರ ತೃಪ್ತಿಕರವಾಗಿ ಬರದಿದ್ದರೆ 50 ಗಂಟೆಯ ಬದಲು 10 ಗಂಟೆ ಕೊಳ್ಳುವುದಾಗಿ ಹೇಳಿ, ಅಥವಾ ಪ್ರತಿ ಪ್ರಯಾಣಕ್ಕೆ ಆಗಿನ ದರವನ್ನೇ ಕೊಟ್ಟುಬಿಡಿ. ಗಂಟೆಗೆ ಸ್ವಲ್ಪ ಹೆಚ್ಚು ತೆರಬೇಕಾದೀತು, ಆದರೆ ಅಸಲು ನಿಮ್ಮ ಖಾತೆಯಲ್ಲೇ ಇರುತ್ತದೆ. ಅವರ ಬ್ಯಾಲೆನ್ಸ್ ಶೀಟಿನ ಪ್ರತಿ ಕೈಗೆ ಬಂದರೆ, ಹೆಸರು ಅಳಿಸಿ, ಹೊಣೆಯ ಪುಟವನ್ನು ಇಲ್ಲಿ ಹಾಕಿ; ಭಾನುವಾರ ಬಿಡುವಿದೆ, ನೋಡುತ್ತೇನೆ.