ಆಷಾಢದಲ್ಲಿ ಅಂಗಡಿ ರಿಪೇರಿ ಮಾಡಿಸಬಹುದಾ?

ಗದಗದಲ್ಲಿ ನನ್ನದೊಂದು ಸಣ್ಣ ಮ್ಯಾಚಿಂಗ್ ಸೆಂಟರ್ ಇದೆ. ಬ್ಲೌಸ್ ಪೀಸ್, ಲೈನಿಂಗ್, ಫಾಲ್ ಮಾರುತ್ತೇನೆ. 10 × 14 ಅಡಿ ಬಾಡಿಗೆ ಜಾಗ. ಹಿಂದಿನ ಗೋಡೆಯ ಗಿಲಾವು ಉದುರುತ್ತಿದೆ, ರ್‍ಯಾಕ್ ಹಳೆಯವು, ಬೆಳಕು ಸಾಲದು. ಆಷಾಢದಲ್ಲಿ ಹೇಗೂ ಗಿರಾಕಿ ಕಡಿಮೆ. ಹದಿನೈದು ದಿನ ಬಂದ್ ಮಾಡಿ ಎಲ್ಲ ಒಮ್ಮೆಲೇ ಮಾಡಿಸಿಬಿಡಲಾ? ಅನುಭವ ಇದ್ದವರು ಹೇಳಿ.

ಹುಬ್ಬಳ್ಳಿಯಿಂದ:

ಅಕ್ಕಾ, ನಂದೂ ಇದೇ ವ್ಯಾಪಾರ, ದುರ್ಗದಬೈಲ್ ಹತ್ತಿರ. ಗೋಡೆ ಕೆಲಸ ಮಾತ್ರ ಆಷಾಢದಲ್ಲಿ ಬೇಡವೇ ಬೇಡ. ನಾನೂ ನಿಮ್ಮ ಹಾಗೇ ಲೆಕ್ಕ ಹಾಕಿದ್ದೆ. ವ್ಯಾಪಾರ ಇಲ್ಲದ ತಿಂಗಳು ಸರಿ, ಆದರೆ ಅದೇ ಮಳೆಯ ತಿಂಗಳು ಅನ್ನೋದು ತಲೆಗೆ ಹೋಗಲಿಲ್ಲ. ಶ್ರಾವಣಕ್ಕೆ ಅಂಗಡಿ ತೆರೆಯಬೇಕು ಅಂತ ನಾನೇ ಅವಸರ ಮಾಡಿ, ಹಸಿ ಗಿಲಾವಿನ ಮೇಲೇ ಬಣ್ಣ ಹೊಡೆಸಿದೆ. ದಸರಾ ಹೊತ್ತಿಗೆ ಬಣ್ಣ ಹಪ್ಪಳದ ಹಾಗೆ ಎದ್ದಿತು. ದಿನಾ ಬೆಳಿಗ್ಗೆ ರೇಷ್ಮೆ ಪೀಸುಗಳ ಮೇಲೆ ಬಿಳಿ ಪುಡಿ. ಒಂದೊಂದನ್ನೇ ಕೊಡವಿ ಮತ್ತೆ ಮಡಚಿ ಇಡೋದರಲ್ಲೇ ಬೆಳಗು ಕಳೆಯುತ್ತಿತ್ತು.

ಹೊಸ ಗಿಲಾವಿಗೆ ಒಂದು ವಾರವಾದರೂ ನೀರು ಹೊಡೀಬೇಕು. ಬಣ್ಣಕ್ಕೆ ಮೊದಲು ಸುಮಾರು 28 ದಿನ ಒಣಗಲು ಬಿಡಬೇಕು. ಅದಕ್ಕೇ ಎರಡನೇ ಸಲ ಧನುರ್ಮಾಸ ಹಿಡಿದೆ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಮದುವೆ ಇರಲ್ಲ, ಮಳೆಯೂ ಇರಲ್ಲ. ಶುರುವಿಗೇ ಗಿಲಾವು ಮಾಡಿಸಿ, ಸಂಕ್ರಾಂತಿ ಹೊತ್ತಿಗೆ ಬಣ್ಣ. ಪೂರ್ತಿ ಬಂದ್ ಮಾಡಲಿಲ್ಲ. ಮಾಲನ್ನೆಲ್ಲ ಮುಂದಕ್ಕೆ ತಂದು, ನಡುವೆ ದಪ್ಪ ಪ್ಲಾಸ್ಟಿಕ್ ಕಟ್ಟಿ, ಮುಂದಿನ ಆರು ಅಡಿಯಲ್ಲೇ ಮಾರಿದೆ. ಗೌಂಡಿ ಕೆರೆಯುವ ಎರಡು ದಿನ ಮಾತ್ರ ಶಟರ್ ಎಳೆದಿದ್ದೆ.

ನಿಮ್ಮ ಗೋಡೆ ಯಾಕೆ ಉದುರುತ್ತಿದೆ ಅಂತ ಮೊದಲು ನೋಡಿ. ಮೇಲಿನ ಪೈಪಿನಿಂದಲೋ ಮಾಳಿಗೆಯಿಂದಲೋ ನೀರು ಇಳೀತಿದ್ದರೆ, ಅದನ್ನು ನಿಲ್ಲಿಸದೆ ಗಿಲಾವು ಮಾಡಿಸಿದರೆ ದುಡ್ಡು ದಂಡ. ಮಳೆಗಾಲದಲ್ಲಿ ಆಗಬೇಕಾದ ಕೆಲಸ ಅಂದ್ರೆ ಇದೇ ನೋಡಿ, ತೇವ ಎಲ್ಲಿಂದ ಬರುತ್ತೆ ಅಂತ ಪತ್ತೆ ಹಚ್ಚೋದು.

ಬೆಳಕಿಗೆ ಮಾತ್ರ ಕಾಯಬೇಡಿ. ಗಿರಾಕಿಗಳು ಸೀರೆ, ಪೀಸ್ ಎರಡನ್ನೂ ಹಿಡ್ಕೊಂಡು ಹೊರಗೆ ಮೆಟ್ಟಿಲಿಗೆ ಹೋಗಿ ಬಿಸಿಲಲ್ಲಿ ನೋಡ್ತಾರಾ? ನನ್ನಲ್ಲಿ ಹಾಗೇ ಆಗ್ತಿತ್ತು. ಒಳಗೆ ಮರೂನ್ ಅನ್ನಿಸಿದ್ದು ಹೊರಗೆ ಬೇರೇ ಬಣ್ಣ. ಹೊರಗೆ ಹೋದವರಲ್ಲಿ ಎಷ್ಟೋ ಮಂದಿ ವಾಪಸ್ ಒಳಗೆ ಬರ್ತಿರಲಿಲ್ಲ. ಸಿಆರ್‌ಐ (ದೀಪದ ಬೆಳಕಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತೆ ಅನ್ನೋ ಅಳತೆ, 100ಕ್ಕೆ) 90ಕ್ಕಿಂತ ಜಾಸ್ತಿ ಇರುವ ಬಿಳಿ ಎಲ್‌ಇಡಿ ಕೇಳಿ ತಗೊಳ್ಳಿ. ಅರ್ಧ ದಿನದ ಕೆಲಸ. ನನ್ನ ಅಂಗಡಿಗೆ ಅತಿ ಹೆಚ್ಚು ಉಪಯೋಗ ಆಗಿದ್ದು ಅದರಿಂದಲೇ.

ಹಾವೇರಿಯಿಂದ:

ನಮ್ಮದು ಸ್ಟೇಷನರಿ. ನಮಗೆ ಮೇ ಕೊನೆಯಿಂದ ಜುಲೈವರೆಗೆ ಶಾಲೆಯ ಗದ್ದಲ, ಆಷಾಢ ಅಂತ ಕೈ ಬಿಡುವಾಗೋದೇ ಇಲ್ಲ. ಹಾಗಾಗಿ ನಿಮ್ಮದೇ ಎರಡು ವರ್ಷದ ಬಿಲ್ ಬುಕ್ ತೆಗೆದು ಸಪ್ಪೆ ತಿಂಗಳು ಯಾವುದು ನೋಡಿ. ಬಾಡಿಗೆ ಕರಾರು 11 ತಿಂಗಳದ್ದಾ? ಹಾಗಿದ್ದರೆ ಅದನ್ನು ಹೊಸದು ಮಾಡಿಕೊಂಡ ಮೇಲೆಯೇ ಗೋಡೆಗೆ ಕೈ ಹಾಕಿ. ಗಿಲಾವಿನ ಖರ್ಚು ಮಾಲೀಕರದ್ದು, ಇಲ್ಲಾ ಬಾಡಿಗೆಯಲ್ಲಿ ವಜಾ, ಯಾವುದಾದರೂ ಬರವಣಿಗೆಯಲ್ಲಿರಲಿ. ರ್‍ಯಾಕ್ ಸ್ಕ್ರೂ ಬಿಚ್ಚಿ ಒಯ್ಯುವಂಥದ್ದೇ ಮಾಡಿಸಿ.

ಗದಗದಿಂದ ಮತ್ತೆ:

ಹೌದು, ಎಲ್ಲರೂ ಮೆಟ್ಟಿಲಿಗೇ ಹೋಗ್ತಾರೆ! ಈ ವಾರ ದೀಪ ಹಾಕಿಸ್ತೀನಿ. ಕರಾರು ಅಕ್ಟೋಬರ್‌ಗೆ ಮುಗಿಯುತ್ತೆ, ಗೋಡೆ ಮಾತು ಮಾಲೀಕರ ಹತ್ತಿರ ಆವಾಗಲೇ ತೆಗೀತೀನಿ.