ಟೆಕ್ಸಸ್‌ನ ಕೊಲೊರಾಡೊ ನದಿಯಲ್ಲಿ ಎರಡು ಹಗಲು, ಒಂದು ರಾತ್ರಿ: ಕಯಾಕ್, ಗಾಳ ಮತ್ತು ಬಿಲ್ಲು

ಪಶ್ಚಿಮವಾಹಿನಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಶ್ರೀರಂಗಪಟ್ಟಣದವನು. ಆಸ್ಟಿನ್‌ಗೆ ಬಂದು ಆರು ವರ್ಷಗಳಾದವು. ಬರುವ ತಿಂಗಳು ಗೆಳೆಯನೊಬ್ಬನ ಜೊತೆ ಇಲ್ಲಿಯ ಕೊಲೊರಾಡೊ ನದಿಯಲ್ಲಿ (ಗ್ರ್ಯಾಂಡ್ ಕ್ಯಾನ್ಯನ್ನಿನ ಕೊಲೊರಾಡೊ ಅಲ್ಲ, ಟೆಕ್ಸಸ್ಸಿನದು) ಒಂದು ರಾತ್ರಿ ತಂಗುವ ಕಯಾಕ್ (ಹುಟ್ಟು ಹಾಕುವ ಕಿರುದೋಣಿ) ಪ್ರಯಾಣ ಮಾಡಬೇಕೆಂದಿದ್ದೇನೆ. ಎಫ್‌ಎಂ 969 ರಸ್ತೆಯ ಬಳಿ ನೀರಿಗಿಳಿದು ಬಾಸ್ಟ್ರಾಪ್ ಊರಿನ ಫಿಷರ್‌ಮನ್ಸ್ ಪಾರ್ಕಿನಲ್ಲಿ ಮೇಲೇರುವುದು, ಅಂದರೆ ವಿಲ್ಬಾರ್ಜರ್ ಪ್ಯಾಡ್ಲಿಂಗ್ ಟ್ರೇಲ್ ಎಂದು ಗುರುತಿಸಿರುವ 14 ಮೈಲಿಯನ್ನು ಎರಡು ದಿನಗಳಿಗೆ ಹಂಚಿಕೊಳ್ಳುವುದು ನಮ್ಮ ಯೋಜನೆ. ಗಾಳ ಹಾಕುವುದು ನನಗೆ ಚಿಕ್ಕಂದಿನಿಂದ ಗೊತ್ತು. ಬಿಲ್ಲು ಮಾತ್ರ ಹೊಸದು: 35 ಪೌಂಡ್ ಸೆಳೆತದ ಒಂದು ರಿಕರ್ವ್ ಬಿಲ್ಲನ್ನೂ ಅದಕ್ಕೆ ಕಟ್ಟುವ, ಬಾಣದ ದಾರ ತುಂಬಿಡುವ ಬಾಟಲ್ ರೀಲನ್ನೂ ಹೋದ ತಿಂಗಳು ಕೊಂಡಿದ್ದೇನೆ.

ನನ್ನ ಸಂದೇಹಗಳು ಇವು. ರಾತ್ರಿ ನದಿಯ ನಡುವಿನ ಜಲ್ಲಿ ದಿಣ್ಣೆಯ ಮೇಲೆ ಡೇರೆ ಹಾಕುವುದಕ್ಕೆ ಯಾರ ಅನುಮತಿಯಾದರೂ ಬೇಕೆ? ಕತ್ತಲಾದ ಮೇಲೆ ತಲೆದೀಪ ಕಟ್ಟಿಕೊಂಡು ಕಯಾಕಿನಲ್ಲಿ ಕುಳಿತೇ ಬಾಣ ಬಿಡುವುದು ಸಾಧ್ಯವೇ? ಯಾವ ಯಾವ ಮೀನಿಗೆ ಬಾಣ ಬಿಡಬಹುದು? ನಮ್ಮಿಬ್ಬರದೂ ಹತ್ತು ಅಡಿ ಉದ್ದದ, ಮೇಲೆ ಕೂರುವ ಬಗೆಯ ಸಾಧಾರಣ ಕಯಾಕುಗಳು.

ಜಲ್ಲಿದಿಣ್ಣೆ:

ನಿಮ್ಮ ಮೂರು ಪ್ರಶ್ನೆಗಳಲ್ಲಿ ನೀರಿನ ಮಟ್ಟದ ಮಾತೇ ಇಲ್ಲವಲ್ಲ ಸರ್, ಆದ್ದರಿಂದ ನಾನು ಅಲ್ಲಿಂದಲೇ ಆರಂಭಿಸುತ್ತೇನೆ. ಈ ನದಿ ತನ್ನಷ್ಟಕ್ಕೆ ತಾನು ಹರಿಯುವುದಲ್ಲ. ಆಸ್ಟಿನ್ನಿನ ಮೇಲೆ ಸಾಲು ಅಣೆಕಟ್ಟೆಗಳಿವೆ, ನಗರದೊಳಗೇ ಲಾಂಗ್‌ಹಾರ್ನ್ ಅಣೆಕಟ್ಟೆಯಿದೆ. ಅಲ್ಲಿ ಹಗಲು ಬಿಟ್ಟ ನೀರು ಹಲವು ಗಂಟೆ ತಡವಾಗಿ ಬಾಸ್ಟ್ರಾಪ್ ಕಡೆಗೆ ಬಂದು ಮುಟ್ಟುವುದರಿಂದ, ಸಂಜೆ ಡೇರೆ ಹಾಕುವಾಗ ನೀವು ಕಂಡ ಮಟ್ಟವೇ ಬೆಳಗಿನವರೆಗೂ ಇರುತ್ತದೆ ಎಂದು ನಂಬುವಂತಿಲ್ಲ. ಹೊರಡುವ ಹಿಂದಿನ ದಿನವೂ ಹೊರಡುವ ಬೆಳಿಗ್ಗೆಯೂ, ಈ ನದಿಯ ನೀರನ್ನು ನಿರ್ವಹಿಸುವ ಎಲ್‌ಸಿಆರ್‌ಎ ಸಂಸ್ಥೆಯ ಹೈಡ್ರೋಮೆಟ್ ಪುಟದಲ್ಲಿ ಆಸ್ಟಿನ್ ಮತ್ತು ಬಾಸ್ಟ್ರಾಪ್ ಎರಡೂ ಮಾಪಕಗಳನ್ನು ನೋಡಿ. ಕೆಆರ್‌ಎಸ್ ಸುದ್ದಿ ಕೇಳಿ ಬೆಳೆದವರಿಗೆ ಕ್ಯೂಸೆಕ್ ಲೆಕ್ಕವನ್ನು ವಿವರಿಸಬೇಕಾಗಿಲ್ಲ. ಅದೇ ಘನ ಅಡಿ, ಅದೇ ಸೆಕೆಂಡು. ಬಾಸ್ಟ್ರಾಪ್ ಬಳಿ 500ರಿಂದ 1,500 ಕ್ಯೂಸೆಕ್ ಇದ್ದರೆ ಮಾತ್ರ ನಾನು ಹೊರಡುತ್ತೇನೆ. ಅದಕ್ಕಿಂತ ಕಡಿಮೆಯಾದರೆ ತೆಳುನೀರಿನಲ್ಲಿ ಕಯಾಕನ್ನು ಎಳೆದುಕೊಂಡು ನಡೆಯುವುದೇ ಕೆಲಸವಾಗುತ್ತದೆ. ಹೆಚ್ಚಾದರೆ ದಿಣ್ಣೆಗಳೇ ಮುಳುಗುತ್ತವೆ.

ಮೂರು ವರ್ಷಗಳ ಹಿಂದೆ ಇದೇ ಹಾದಿಯಲ್ಲಿ ತಂಗಿದ್ದಾಗ, ಮಲಗುವ ಮುನ್ನ ನೀರಿನ ಅಂಚಿಗೆ ಸರಿಯಾಗಿ ಒಂದು ವಿಲ್ಲೋ ಕಡ್ಡಿಯನ್ನು ನೆಟ್ಟಿದ್ದೆ. ನಡುರಾತ್ರಿ ಕಯಾಕಿನ ತಳ ಕಲ್ಲಿಗೆ ತಾಗುವ ಟಕ್ ಟಕ್ ಸದ್ದಿಗೆ ಎಚ್ಚರವಾಯಿತು. ಹೊರಬಂದು ದೀಪ ಹಿಡಿದರೆ ಕಡ್ಡಿಯ ಬುಡ ಒಂದು ಗೇಣು ನೀರಿನೊಳಗಿತ್ತು. ಸಂಜೆ ಒಣ ಜಲ್ಲಿಯ ಮೇಲೆ ಎಳೆದಿಟ್ಟಿದ್ದ ಕಯಾಕಿನ ಹಿಂಭಾಗ ಆಗಲೇ ತೇಲತೊಡಗಿತ್ತು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಕಯಾಕನ್ನು ಹಗ್ಗದಿಂದ ಮರಕ್ಕೆ ಕಟ್ಟದೆ ಮಲಗಿದ್ದು ನನ್ನದೇ ತಪ್ಪು.

ಇನ್ನು ಮಳೆಯ ವಿಷಯ. 2025ರ ಜುಲೈ 4ರ ನಸುಕಿನಲ್ಲಿ ಪಕ್ಕದ ಗ್ವಾಡಲೂಪ್ ನದಿ ಕೆರ್ ಕೌಂಟಿಯಲ್ಲಿ ಸುಮಾರು 45 ನಿಮಿಷಗಳಲ್ಲಿ 26 ಅಡಿ ಏರಿತು, ನೂರಕ್ಕೂ ಹೆಚ್ಚು ಜನ ಸತ್ತರು. ನಮ್ಮ ಹಾದಿ ಅಷ್ಟು ಕಡಿದಾದ ಬೆಟ್ಟದ ಸೀಮೆಯಲ್ಲಿಲ್ಲ ಎಂಬುದು ನಿಜವಾದರೂ, ಮೇಲ್ಭಾಗದಲ್ಲಿ ಎಲ್ಲಿಯೇ ಗುಡುಗು-ಮಳೆಯ ಮುನ್ಸೂಚನೆ ಇದ್ದರೂ ಪ್ರಯಾಣವನ್ನು ಮುಂದಕ್ಕೆ ಹಾಕಿ. ದಿಣ್ಣೆಯನ್ನು ಆರಿಸುವಾಗ ಸುತ್ತಲಿನ ಪೊದೆಗಳ ಕೊಂಬೆಗಳಲ್ಲಿ ಸಿಕ್ಕಿಕೊಂಡಿರುವ ಒಣಹುಲ್ಲು, ಪ್ಲಾಸ್ಟಿಕ್ ಚೂರುಗಳು ಎಷ್ಟು ಎತ್ತರದಲ್ಲಿವೆ ಎಂದು ನೋಡಿ. ನಡುಗಡ್ಡೆಗಿಂತ ದಡಕ್ಕೆ ತಗುಲಿಕೊಂಡ ದಿಣ್ಣೆಯೇ ಮೇಲು, ಏಕೆಂದರೆ ಕತ್ತಲಲ್ಲಿ ಹತ್ತಿ ಹೋಗಲು ಒಂದು ದಾರಿ ಇರುತ್ತದೆ. ಡೇರೆ ಬಿಚ್ಚುವ ಮೊದಲು ನೆಲವನ್ನು ಕಾಲಿನಿಂದ ಕೆದಕಿ ಬೆಂಕಿ ಇರುವೆಯ ಗೂಡು ಇದೆಯೇ ಎಂದು ಪರೀಕ್ಷಿಸುವುದನ್ನೂ ಮರೆಯಬೇಡಿ.

ಅನುಮತಿಯ ಪ್ರಶ್ನೆಗೆ ಉತ್ತರ: ಬೇಕಾಗಿಲ್ಲ. ಸರಾಸರಿ 30 ಅಡಿ ಅಗಲವಿರುವ ನದಿಯನ್ನು ಸಂಚಾರಯೋಗ್ಯವೆಂದು ಟೆಕ್ಸಸ್ 1837ರಲ್ಲೇ ಕಾನೂನು ಮಾಡಿದೆ. ಅಂಥ ನದಿಯ ಪಾತ್ರದಲ್ಲಿ ಸಾರ್ವಜನಿಕರು ಓಡಾಡಬಹುದು, ಬರಿಯ ಜಲ್ಲಿ ದಿಣ್ಣೆಯ ಮೇಲೆ ತಂಗಬಹುದು. ಆದರೆ ದಡದ ಮೇಲಿನದೆಲ್ಲ ಬಹುತೇಕ ಖಾಸಗಿ ಜಮೀನು. ಸೌದೆಗೆಂದೋ ನೆರಳಿಗೆಂದೋ ಬೇಲಿ ದಾಟಬೇಡಿ. ಕುಡಿಯುವ ನೀರನ್ನು ತಲೆಗೆ ದಿನಕ್ಕೆ ನಾಲ್ಕು ಲೀಟರಿನಂತೆ ಮನೆಯಿಂದಲೇ ಒಯ್ಯಿರಿ. ಬೇಸಗೆಯಲ್ಲಿ ಇಲ್ಲಿ ಹರಿಯುವ ನೀರಿನಲ್ಲಿ ಆಸ್ಟಿನ್ ನಗರದ ಸಂಸ್ಕರಿಸಿದ ಕೊಳಚೆ ನೀರಿನ ಪಾಲು ಸಣ್ಣದಲ್ಲ.

ಹೆದೆಯೇರಿಸಿದವ:

ಜಲ್ಲಿದಿಣ್ಣೆಯವರು ಬಿಲ್ಲಿನ ಮಾತನ್ನು ನನಗೆ ಬಿಟ್ಟಿದ್ದಾರೆ ಎಂದುಕೊಳ್ಳುತ್ತೇನೆ.

ಮೊದಲು ಕಾನೂನು. 17 ವರ್ಷ ತುಂಬಿದವರಿಗೆ ಸಿಹಿನೀರಿನ ಮೀನುಗಾರಿಕೆಯ ಪರವಾನಗಿ ಬೇಕು. ಸಾಮಾನ್ಯ ವಾರ್ಷಿಕ ಪರವಾನಗಿ ಆಗಸ್ಟ್ 31ಕ್ಕೆ ಮುಗಿಯುವುದರಿಂದ ನಿಮ್ಮದರ ಅವಧಿಯನ್ನು ಒಮ್ಮೆ ನೋಡಿಕೊಳ್ಳಿ. ಬಾಣಕ್ಕೆ ಸಲ್ಲುವುದು ಗೇಮ್ ಫಿಷ್ (ಕಾನೂನು ವಿಶೇಷವಾಗಿ ಕಾಯುವ ಮೀನು) ಪಟ್ಟಿಯಲ್ಲಿ ಇಲ್ಲದ ಮೀನುಗಳು ಮಾತ್ರ: ಸಾಮಾನ್ಯ ಗೆಂಡೆ, ಗಾರ್, ಬಫಲೊ ಮುಂತಾದವು. ಬ್ಯಾಸ್ ಜಾತಿಯವುಗಳಿಗೆ ಬಿಡುವಂತಿಲ್ಲ. ಚಾನೆಲ್, ಬ್ಲೂ, ಫ್ಲ್ಯಾಟ್‌ಹೆಡ್ ಕ್ಯಾಟ್‌ಫಿಷ್‌ಗಳಿಗೂ ಇಲ್ಲಿ ಬಿಡುವಂತಿಲ್ಲ, ಬೇರೆ ಕೆಲವು ರಾಜ್ಯಗಳಿಂದ ಬಂದವರು ಎಡವುವುದು ಇಲ್ಲಿಯೇ. ಅಲಿಗೇಟರ್ ಗಾರ್ (ಆಳುದ್ದಕ್ಕೂ ಬೆಳೆಯುವ ದೊಡ್ಡ ಗಾರ್) ಸಿಕ್ಕರೆ ದಿನಕ್ಕೆ ಒಬ್ಬರಿಗೆ ಒಂದೇ, ಅದನ್ನೂ 24 ಗಂಟೆಯೊಳಗೆ ರಾಜ್ಯದ ವನ್ಯಜೀವಿ ಇಲಾಖೆಗೆ ವರದಿ ಮಾಡಬೇಕು. ಹತ್ತು ಅಡಿಯ ಕಯಾಕಿನಿಂದ ಅದರ ತಂಟೆಗೆ ಹೋಗದಿರುವುದೇ ಲೇಸು. ನಿಮ್ಮ ಬಾಣದ ದಾರ 200 ಪೌಂಡ್ ತಡೆಯುವಂಥದು. ಮೀನು ನಿಮಗಿಂತ ಭಾರವಾಗಿದ್ದರೆ ದಾರ ಹರಿಯುವುದಿಲ್ಲ, ಕಯಾಕ್ ಮಗುಚುತ್ತದೆ.

ರಾತ್ರಿ ಕಯಾಕಿನಲ್ಲಿ ಕುಳಿತು ಬಾಣ ಬಿಡುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ರಾತ್ರಿ ಬಿಲ್ಲು ಹಿಡಿಯುವವರು ಅಗಲವಾದ ದೋಣಿಯ ಮುಂಭಾಗದಲ್ಲಿ ಎತ್ತರದ ಅಟ್ಟಣೆ ಕಟ್ಟಿಕೊಂಡು, ಸಾಲು ದೀಪ ಹಾಕಿಕೊಂಡು, ನಿಂತು ಕೆಳಮುಖವಾಗಿ ಬಿಡುತ್ತಾರೆ. ಆ ಎತ್ತರಕ್ಕೆ ಕಾರಣವಿದೆ. ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುವುದರಿಂದ ಮೀನು ಇರುವುದಕ್ಕಿಂತ ಮೇಲೆ ಕಾಣುತ್ತದೆ: ನೇರ ಮೇಲಿನಿಂದ ನೋಡಿದರೂ ನಿಜವಾದ ಆಳದ ಮುಕ್ಕಾಲು ಪಾಲಷ್ಟೇ ಕಾಣುತ್ತದೆ, ನೋಟ ಓರೆಯಾದಷ್ಟೂ ಮೋಸ ಹೆಚ್ಚು. ಕಯಾಕಿನಲ್ಲಿ ಕುಳಿತಾಗ ನಿಮ್ಮ ಕಣ್ಣು ನೀರಿನಿಂದ ಮೂರಡಿಯೂ ಮೇಲಿರುವುದಿಲ್ಲ. ಅಭ್ಯಾಸಿಗಳು ಇಟ್ಟುಕೊಂಡಿರುವ ಒಂದು ಒರಟು ಲೆಕ್ಕವಿದೆ: ಹತ್ತು ಅಡಿ ದೂರದಲ್ಲಿ ಒಂದು ಅಡಿ ಆಳದಲ್ಲಿರುವ ಮೀನಿಗೆ ನಾಲ್ಕು ಅಂಗುಲ ಕೆಳಗೆ ಗುರಿಯಿಡಿ, ದೂರವಾಗಲಿ ಆಳವಾಗಲಿ ಎರಡರಷ್ಟಾದರೆ ಆ ನಾಲ್ಕು ಎಂಟಾಗುತ್ತದೆ. ನಾನು ಕಲಿತದ್ದು ಮರಳು ತುಂಬಿದ ಸೋಡಾ ಬಾಟಲಿಯನ್ನು ಮೊಣಕಾಲುದ್ದದ ನೀರಿನಲ್ಲಿ ಮುಳುಗಿಸಿ. ಮೊದಲ ಹನ್ನೆರಡು ಬಾಣಗಳೂ ಬಾಟಲಿಯ ಮೇಲಿನಿಂದಲೇ ಹಾದುಹೋದವು.

ನೀವು ಮಾಡಬೇಕಾದದ್ದು ಇಷ್ಟು: ಹಗಲು ಹತ್ತು ಗಂಟೆಯಿಂದ ಮೂರು ಗಂಟೆಯ ನಡುವೆ, ಬಿಸಿಲು ನೇರವಾಗಿ ಬೀಳುವಾಗ, ಪೋಲರೈಸ್ಡ್ ಕನ್ನಡಕ ಹಾಕಿಕೊಂಡು, ಕಯಾಕನ್ನು ದಿಣ್ಣೆಯ ಮೇಲೆ ಬಿಟ್ಟು, ಮೊಣಕಾಲುದ್ದದ ನೀರಿನಲ್ಲಿ ನಿಧಾನವಾಗಿ ನಡೆಯಿರಿ. ದಿಣ್ಣೆಯ ಕೆಳತುದಿಯಲ್ಲಿ ಹರಿವು ತಿರುಗಿ ನಿಲ್ಲುವ ತಾವಿನಲ್ಲಿ ಗೆಂಡೆಗಳು ಕೆಸರು ಕೆದಕುತ್ತಾ ಬಾಲವನ್ನು ಮೇಲೆತ್ತಿ ನಿಂತಿರುತ್ತವೆ. ಇಬ್ಬರೂ ಒಟ್ಟಿಗೆ ಬಿಡಬೇಡಿ, ಒಬ್ಬರ ಮುಂದೆ ಇನ್ನೊಬ್ಬರು ನಡೆಯಬೇಡಿ. ಕಯಾಕಿನಲ್ಲಿ ಸಾಗುವಾಗ ಹೆದೆ ಇಳಿಸಿ, ಬಾಣದ ಮೊನೆಗೆ ಒಂದು ಟೆನ್ನಿಸ್ ಚೆಂಡು ಸಿಕ್ಕಿಸಿಡಿ.

ಒಂದು ಮಾತನ್ನು ಮಾತ್ರ ಎರಡು ಸಲ ಓದಿಕೊಳ್ಳಿ. ಬಾಣದ ಹಿಂತುದಿಯ ತೂತಿಗೆ ದಾರವನ್ನು ನೇರವಾಗಿ ಕಟ್ಟಬೇಡಿ. ಬಾಣದ ಮೈಮೇಲೆ ಜಾರುವ ಸೇಫ್ಟಿ ಸ್ಲೈಡ್ ಎಂಬ ಸಣ್ಣ ಬಳೆ ಸಿಗುತ್ತದೆ. ದಾರವನ್ನು ಅದಕ್ಕೆ ಕಟ್ಟಿದರೆ ಬಿಲ್ಲನ್ನು ಎಳೆದಾಗಲೂ ದಾರ ಹೆದೆಯ ಮುಂದೆಯೇ ಉಳಿಯುತ್ತದೆ. ಹಿಂದೆ ಕಟ್ಟಿದ ದಾರ ಹೆದೆಗೆ ಸುತ್ತಿಕೊಂಡರೆ, ಬಿಟ್ಟ ಬಾಣ ರಬ್ಬರಿನಂತೆ ಹಿಂತಿರುಗಿ ಬಿಟ್ಟವನ ಮುಖಕ್ಕೇ ಬರುತ್ತದೆ.

ಹತ್ತುಮೀನು:

ನಾನು ತೀರ್ಥಹಳ್ಳಿ ಕಡೆಯವಳು, ಈಗ ಹ್ಯೂಸ್ಟನ್ನಿನಲ್ಲಿದ್ದೇನೆ. ಮುಂಗಾರಿನ ಮೊದಲ ಮಳೆಗೆ ಹೊಳೆಯಿಂದ ಗದ್ದೆಯ ಕಾಲುವೆಗೆ ಏರುವ ಹತ್ತುಮೀನನ್ನು ನಮ್ಮ ಮಾವಂದಿರು ರಾತ್ರಿ ಸೂಡಿ ಹಿಡಿದು ಕತ್ತಿಯಲ್ಲಿ ಕಡಿಯುತ್ತಿದ್ದರು. ‘ಮೀನು ಕಂಡಲ್ಲಿ ಕಡಿಯಬೇಡ, ಅದರ ನೆರಳು ಬಿದ್ದಲ್ಲಿ ಕಡಿ’ ಎನ್ನುತ್ತಿದ್ದದ್ದು, ಹೆದೆಯೇರಿಸಿದವರ ನಾಲ್ಕು ಅಂಗುಲದ ಲೆಕ್ಕ ಓದಿದಾಗ ಈಗ ಅರ್ಥವಾಯಿತು.

ನಾನು ಹೇಳಬೇಕಾದದ್ದು ಹೊಡೆದ ಮೇಲಿನ ಸಂಗತಿ. ಗಾಳದ ಮೀನನ್ನು ಮರಳಿ ಬಿಡಬಹುದು, ಬಾಣದ ಮೀನನ್ನು ಬಿಡಲಾಗದು. ಆದ್ದರಿಂದ ಎಷ್ಟು ತಿನ್ನುತ್ತೀರೋ ಅಷ್ಟಕ್ಕೇ ಬಾಣ ಬಿಡಿ, ಉಳಿದದ್ದನ್ನು ದಿಣ್ಣೆಯ ಮೇಲೆ ಕೊಳೆಯಲು ಬಿಟ್ಟು ಬರುವುದು ಅಸಹ್ಯವೂ ಹೌದು, ಕಾನೂನಿಗೆ ವಿರುದ್ಧವೂ ಹೌದು. ಗೆಂಡೆ ಹೊರಗಿನಿಂದ ತಂದು ಬಿಟ್ಟ ಮೀನು, ಅದರ ಬಗ್ಗೆ ನನಗೆ ಮರುಕವಿಲ್ಲ. ಬಫಲೊ ಇಲ್ಲಿಯದೇ ಮೀನು. ಅದರ ಬಳಗದ ಬಿಗ್‌ಮೌತ್ ಬಫಲೊ 112 ವರ್ಷ ಬದುಕಿದ್ದನ್ನು 2019ರಲ್ಲಿ ಸಂಶೋಧಕರು ಪ್ರಕಟಿಸಿದ ಮೇಲೆ ನಾನಂತೂ ದೊಡ್ಡ ಬಫಲೊ ಕಂಡರೆ ಬಿಟ್ಟುಬಿಡುತ್ತೇನೆ.

ಗಾರ್ ಮೀನಿನ ಮೊಟ್ಟೆ ವಿಷ. ನಮ್ಮವರು ಮೀನಿನ ಮೊಟ್ಟೆ ಕಂಡರೆ ಬಿಡುವವರಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ: ಹುರಿದರೂ ಬೇಯಿಸಿದರೂ ತಿನ್ನಬಾರದು, ನಾಯಿಗೂ ಹಾಕಬಾರದು. ಅದರ ಮಾಂಸ ಮಾತ್ರ ಗಟ್ಟಿಯಾಗಿ ಚೆನ್ನಾಗಿರುತ್ತದೆ; ಚರ್ಮ ಚಾಕುವಿಗೆ ಬಗ್ಗುವುದಿಲ್ಲ, ತಗಡು ಕತ್ತರಿಸುವ ಕತ್ತರಿ ಬೇಕು. ಗೆಂಡೆಯ ಕವಲುಮುಳ್ಳಿಗೆ ಉಪಾಯವೆಂದರೆ ಎರಡೂ ಬದಿಯ ಮಾಂಸಕ್ಕೆ ಕಾಲಂಗುಲಕ್ಕೊಂದರಂತೆ ಅಡ್ಡಗೀರು ಹಾಕಿ, ಉಪ್ಪು-ಖಾರ ಹಚ್ಚಿ, ಎಣ್ಣೆಯಲ್ಲಿ ಗರಿಗರಿಯಾಗುವಂತೆ ಕರಿಯುವುದು. ಸಾರು ಮಾಡುವುದಾದರೆ ವಾಟೆಹುಳಿ ಒಯ್ಯಿರಿ, ಕೆಸರಿನ ವಾಸನೆ ತಡೆಯಲು ಹುಣಸೆಗಿಂತ ಅದೇ ವಾಸಿ. ಐಸ್ ಪೆಟ್ಟಿಗೆಯಿಲ್ಲದೆ ಟೆಕ್ಸಸ್ಸಿನ ಬಿಸಿಲಿನಲ್ಲಿ ಮೀನು ಒಂದು ಗಂಟೆಯೂ ತಡೆಯದು.

ಪಶ್ಚಿಮವಾಹಿನಿ:

ಮೂವರಿಗೂ ಕೃತಜ್ಞತೆಗಳು. ನನ್ನ ಬಾಣಕ್ಕೆ ಅಂಗಡಿಯವರು ದಾರವನ್ನು ಹಿಂತುದಿಗೇ ಕಟ್ಟಿಕೊಟ್ಟಿದ್ದರು. ಇದನ್ನು ಓದಿದೊಡನೆ ಬಿಚ್ಚಿ, ಎರಡು ಸೇಫ್ಟಿ ಸ್ಲೈಡ್ ತರಿಸಿದ್ದೇನೆ. ಬಿಲ್ಲು ಹಗಲಿಗೆ ಮಾತ್ರ ಎಂದು ಗೆಳೆಯನನ್ನೂ ಒಪ್ಪಿಸಿದ್ದಾಯಿತು. ಹಾಗಾದರೆ ಸಂಜೆ ಮತ್ತು ನಸುಕಿಗೆ ಗಾಳವೇ ಗತಿ. ಅಲ್ಲಿ ಏನನ್ನು ನಿರೀಕ್ಷಿಸಬಹುದು? ಕತ್ತಲಲ್ಲಿ ಕಯಾಕ್ ನಡೆಸಬೇಕಾಗಿ ಬಂದರೆ ದೀಪದ ನಿಯಮವೇನು?

ಜಲ್ಲಿದಿಣ್ಣೆ:

ಗಾಳವೇ ಗತಿ ಎನ್ನಬೇಡಿ, ಈ ನದಿಗೆ ಜನ ಬರುವುದೇ ಅದಕ್ಕಾಗಿ. ಟೆಕ್ಸಸ್ಸಿನ ರಾಜ್ಯಮೀನಾದ ಗ್ವಾಡಲೂಪ್ ಬ್ಯಾಸ್‌ನ ವಿಶ್ವದಾಖಲೆ, 3.71 ಪೌಂಡಿನದು, 2014ರಲ್ಲಿ ಆಸ್ಟಿನ್ನಿನ ಕೆಳಗಿನ ಇದೇ ನದಿಯಲ್ಲಿ ಬಂದದ್ದು. ಅದು ನಿಂತ ನೀರಿನ ಮೀನಲ್ಲ. ಹರಿವು ಕಲ್ಲಿಗೆ ಬಡಿದು ಸೀಳುವ ಕಡೆ, ಸೀಳಿನ ಅಂಚಿಗೆ ಸಣ್ಣ ಕೃತಕ ಎರೆಯನ್ನು ಮೇಲಿನಿಂದ ತೇಲಿಬಿಡಿ. ಹಿಡಿದದ್ದನ್ನು ಬಿಟ್ಟುಬಿಡುವುದು ನನ್ನ ಪದ್ಧತಿ. ಕತ್ತಲಾದ ಮೇಲೆ ಡೇರೆಯ ಮುಂದಿನ ಮಡುವಿಗೆ ತಳಗಾಳ ಹಾಕಿ ಕುಳಿತರೆ ಕ್ಯಾಟ್‌ಫಿಷ್ ಬರುತ್ತದೆ.

ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ನೀರಿನ ಮೇಲಿದ್ದರೆ ಬಿಳಿ ದೀಪ ಕಡ್ಡಾಯ. ಕಯಾಕಿನಲ್ಲಿ ತಲೆಗೊಂದು ಲೈಫ್ ಜಾಕೆಟ್ ಇರಲೇಬೇಕು ಎಂಬುದಷ್ಟೇ ದೊಡ್ಡವರಿಗಿರುವ ಕಾನೂನು. ನೀವು ಅದನ್ನು ಹಿಂದೆ ಕಟ್ಟಿಡದೆ ಮೈಮೇಲೆ ಹಾಕಿಕೊಳ್ಳಿ, ತಿರುವುಗಳ ಹೊರಮಗ್ಗುಲಲ್ಲಿ ಬಿದ್ದ ಮರಗಳ ಕೊಂಬೆಗೆ ಹರಿವು ಎಳೆದೊಯ್ಯುವುದು ಕ್ಷಣದ ಕೆಲಸ. 14 ಮೈಲಿಯೆಂದರೆ 22 ಕಿಲೋಮೀಟರ್ ಚಿಲ್ಲರೆ, ಗಂಟೆಗೆ ಮೂರರಂತೆ ಏಳೂವರೆ ಗಂಟೆಯ ಹುಟ್ಟು. ಮೊದಲ ದಿನವೇ ಒಂಬತ್ತು ಮೈಲಿ ಮುಗಿಸಿ, ಸಂಜೆ ಐದಕ್ಕೆ ಮೊದಲು ದಿಣ್ಣೆ ಹಿಡಿಯಿರಿ. ಎರಡನೆಯ ದಿನ ಮಧ್ಯಾಹ್ನದ ಎದುರುಗಾಳಿ ಏಳುವ ಮುನ್ನ ಬಾಸ್ಟ್ರಾಪ್ ಸೇತುವೆ ಕಾಣುತ್ತದೆ. ಒಂದು ಕಾರನ್ನು ಹಿಂದಿನ ದಿನವೇ ಅಲ್ಲಿ ನಿಲ್ಲಿಸಿ ಬನ್ನಿ. ಅದರ ಕೀಲಿಯನ್ನು ನೀರಿಗಿಳಿಯುವಲ್ಲಿ ನಿಲ್ಲಿಸಿದ ಕಾರಿನೊಳಗೇ ಮರೆತು ಹೊರಟವನೊಬ್ಬನನ್ನು ನಾನು ಬಲ್ಲೆ. ಆ ದಿನ ಅವನ ಜೊತೆ ನಾನೂ ಇದ್ದೆ.